ಸೋಮವಾರದ ಪಂಕ್ಚರ್

ತಡವಾಗಿ ಬರುವವರನ್ನು ಕಂಡರೆ ನನಗೆ ಆಗುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ಆ ಚಳಿಗಾಲದಲ್ಲಿ ನಾನು ಬಿಟ್ಟ ರೀಲುಗಳನ್ನು ಓದಿ, ಪಾಪ, ಮೆತ್ತನೆಯ ಹೆಂಗಸು ಎಂದುಕೊಂಡೀರಿ. ನನ್ನ ಮದುವೆಯ ದಿನ ಪುರೋಹಿತರು ಹತ್ತು ನಿಮಿಷ ತಡವಾಗಿ ಬಂದರೆಂದು ಹಸೆಮಣೆಯ ಮೇಲೆ ಮುಖ ಊದಿಸಿಕೊಂಡು ಕೂತವಳು ನಾನು. ಫೋಟೋದಲ್ಲಿ ಚೆನ್ನಾಗಿ ಕಾಣುತ್ತದೆ.

ತೊಂಬತ್ತರ ದಶಕದ ಕೊನೆಯ ವರ್ಷಗಳು. ನೆದರ್‌ಲ್ಯಾಂಡ್ಸಿನ ಐಂಡ್‌ಹೋವನ್ ಊರಿನ ಒಂದು ಎಲೆಕ್ಟ್ರಾನಿಕ್ಸ್ ಕಂಪನಿಗೆ ಬೆಂಗಳೂರಿನಿಂದ ಬಂದಿದ್ದ ಐದು ಜನ ಎಂಜಿನಿಯರುಗಳಿಗೆ ನಾನು ಟೀಮ್ ಲೀಡರ್. ಎರಡು ಸಾವಿರದ ಇಸವಿ ಹುಟ್ಟಿದ ಕೂಡಲೇ ಕಂಪ್ಯೂಟರುಗಳೆಲ್ಲ ತಾರೀಖು ಮರೆತು ಕೂರುತ್ತವೆ ಎಂದು ಜಗತ್ತೇ ಬೆದರಿದ್ದ ಕಾಲ ಅದು. ಹಳೆಯ ಪ್ರೋಗ್ರಾಂಗಳಲ್ಲಿ ಇಸವಿಗೆ ಎರಡು ಅಂಕಿ ಇದ್ದ ಕಡೆಯೆಲ್ಲ ನಾಲ್ಕು ಮಾಡುವುದು ನಮ್ಮ ಕೆಲಸ. ಒಟ್ಟಿನಲ್ಲಿ ಇಡೀ ಕಂಪನಿಯ ಕಾಲ ರಿಪೇರಿ ಮಾಡಲು ಬಂದವರು ನಾವು. ನಮ್ಮಲ್ಲೇ ಒಬ್ಬ ಸೋಮವಾರ ಬೆಳಿಗ್ಗೆ ಎಂಟೂವರೆಯ ಮೀಟಿಂಗಿಗೆ ಒಂಬತ್ತೂ ಕಾಲಿಗೆ ಬರುತ್ತಿದ್ದ.

ಸೋಮವಾರ ಮಾತ್ರ. ಮಂಗಳವಾರದಿಂದ ಶುಕ್ರವಾರದವರೆಗೆ ಎಂಟೂ ಇಪ್ಪತ್ತಕ್ಕೇ ಹಾಜರು. ಮೈಸೂರಿನ ಹುಡುಗ, ಇಪ್ಪತ್ತೊಂಬತ್ತು ವರ್ಷ, ಐದು ಜನರಲ್ಲಿ ಕೆಲಸದಲ್ಲಿ ಎಲ್ಲರಿಗಿಂತ ಚುರುಕು. ನನಗೆ ತಮ್ಮನಿದ್ದಿದ್ದರೆ ಹೀಗೇ ಇರುತ್ತಿದ್ದ ಎನ್ನಿಸುತ್ತಿತ್ತು, ಹಾಗಾಗಿ ಅವನಿಗೆ ಬೀಳುತ್ತಿದ್ದ ಬೈಗುಳವೂ ತಮ್ಮನಿಗೆ ಬೀಳುವಂಥದ್ದೇ. ಮೊದಲ ಸೋಮವಾರ ಸುಮ್ಮನಿದ್ದೆ. ಎರಡನೆಯ ಸೋಮವಾರ ಕಾಫಿ ಮಷೀನಿನ ಹಿಂದೆ ನಿಲ್ಲಿಸಿಕೊಂಡೆ.

"ಏನಯ್ಯಾ, ಭಾನುವಾರ ಜಾಸ್ತಿ ಆಗತ್ತಾ ನಿನಗೆ?"

"ಇಲ್ಲ ಮೇಡಂ. ತಪ್ಪು ತಿಳ್ಕೋಬೇಡಿ." ಸುತ್ತ ನೋಡಿ ದನಿ ತಗ್ಗಿಸಿದ. "ರಾಹುಕಾಲ."

ನನಗೆ ನಗು ತಡೆಯಲಾಗಲಿಲ್ಲ. ಕೈಯಲ್ಲಿದ್ದ ಕಾಫಿ ಕಾರ್ಪೆಟ್ಟಿಗೆ ನೈವೇದ್ಯವಾಯಿತು. ಸೋಮವಾರದ ರಾಹುಕಾಲ ಏಳೂವರೆಯಿಂದ ಒಂಬತ್ತು ಎನ್ನುವುದು ನಮ್ಮ ಕಡೆಯ ಕ್ಯಾಲೆಂಡರ್ ನೋಡಿ ಬೆಳೆದ ಯಾರಿಗೆ ತಾನೇ ಗೊತ್ತಿಲ್ಲ? ಆದರೆ ಆ ರಾಹು ನೆದರ್‌ಲ್ಯಾಂಡ್ಸಿಗೂ ಪರ್ಮಿಟ್ ಮಾಡಿಸಿಕೊಂಡು ಬಂದಿದ್ದಾನೆಂದು ನನಗೆ ತಿಳಿದಿರಲಿಲ್ಲ. ಹಾಗೆಂದು ಹೇಳಿ ಇನ್ನೊಂದು ಸಲ ನಕ್ಕೆ. ಅವನು ನಗಲಿಲ್ಲ.

ಅವನ ಹೆಂಡತಿ ಐದು ತಿಂಗಳ ಬಸುರಿ. ಹಿಂದೆ ಎರಡು ಸಲ ಗರ್ಭ ನಿಂತಿರಲಿಲ್ಲ. ಎರಡನೆಯ ಸಲ, ಬೆಂಗಳೂರಿನಲ್ಲಿ, ಅವನು ಸೋಮವಾರ ಬೆಳಿಗ್ಗೆ ಎಂಟಕ್ಕೆ ಆಫೀಸಿಗೆ ಹೊರಟಿದ್ದ. ಅವನು ಬಸ್ಸಿನಲ್ಲಿರುವಾಗ ಇವಳು ಬಚ್ಚಲಲ್ಲಿ ಒಬ್ಬಳೇ ಬಿದ್ದಿದ್ದಳು. ಆಮೇಲೆ ಯಾರೋ ಗಳಿಗೆ ನೋಡಿ, ಅಯ್ಯೋ, ಗಂಡ ಮನೆ ಬಿಟ್ಟಿದ್ದು ರಾಹುಕಾಲದಲ್ಲಲ್ಲವೇ ಎಂದರಂತೆ. ಅಷ್ಟು ಸಾಕಾಯಿತು. ಈ ಸಲ ಮಗು ಕೈಗೆ ಬರುವವರೆಗೆ ಸೋಮವಾರ ಒಂಬತ್ತು ಹೊಡೆಯದೆ ಅವಳು ಬಾಗಿಲು ತೆಗೆಯುವುದಿಲ್ಲ.

"ನನಗೆ ನಂಬಿಕೆ ಇಲ್ಲ ಮೇಡಂ," ಎಂದ. "ಆದ್ರೆ ಅವಳು ಬಾಗಿಲ ಹತ್ರ ನಿಂತ್ಕೊಂಡು ನಡುಗ್ತಾಳೆ. ಅವಳನ್ನ ಪಕ್ಕಕ್ಕೆ ಸರಿಸಿ ಹೇಗೆ ಬರಲಿ?"

ನನ್ನ ನಗುವನ್ನು ನಾನೇ ನುಂಗಿಕೊಂಡೆ. ನಾಚಿಕೆಯಾಯಿತು, ನಿಜವಾಗಿಯೂ.

ಇನ್ನೊಂದು ವಿಷಯವಿತ್ತು. ಇಲ್ಲಿದ್ದು ಕೆಲಸ ಮಾಡಲು ಅವನಿಗಿದ್ದ ಪರ್ಮಿಟ್ ಫೆಬ್ರವರಿಗೆ ಮುಗಿಯುತ್ತಿತ್ತು. ಅದು ಮುಂದುವರಿಯಬೇಕಾದರೆ ನಮ್ಮ ಡಚ್ ಮ್ಯಾನೇಜರ್ ಜನವರಿ ಕೊನೆಯೊಳಗೆ ಒಂದು ಕಾಗದಕ್ಕೆ ಸಹಿ ಹಾಕಬೇಕು. ಹಾಕದಿದ್ದರೆ ಗಂಡ ಹೆಂಡತಿ ಗಂಟುಮೂಟೆ ಕಟ್ಟಬೇಕು. ಆ ಹೊತ್ತಿಗೆ ಅವಳಿಗೆ ಎಂಟನೆಯ ತಿಂಗಳು. ಈ ಸ್ಥಿತಿಯಲ್ಲಿ ವಿಮಾನ ಹತ್ತುವ ಮಾತೇ ಬೇಡ ಎಂದು ಇಲ್ಲಿನ ಡಾಕ್ಟರು ಖಡಾಖಂಡಿತವಾಗಿ ಹೇಳಿದ್ದರು. ನಮ್ಮ ಮ್ಯಾನೇಜರೋ, ನನಗಿಂತ ಒಂದೂವರೆ ಅಡಿ ಎತ್ತರದ ಮನುಷ್ಯ, ಹನ್ನೊಂದು ವರ್ಷದಲ್ಲಿ ಒಂದು ದಿನವೂ ತಡವಾಗಿ ಬಂದವರಲ್ಲ. ಎಂಟೂವರೆ ಎಂದರೆ ಎಂಟೂ ಇಪ್ಪತ್ತೆಂಟಕ್ಕೆ ಕುರ್ಚಿ ಎಳೆದುಕೊಂಡು, ಡೈರಿ ಬಿಚ್ಚಿ, ಪೆನ್ನಿನ ಕ್ಯಾಪ್ ತೆಗೆದು ಸಿದ್ಧ. ಅವರ ಮುಂದೆ ರಾಹುವಿನ ಹೆಸರು ಎತ್ತುವುದು ಹೇಗೆ? ಈ ಇಂಡಿಯಾದವರು ಕಂಪ್ಯೂಟರ್ ರಿಪೇರಿಗೆ ಬಂದಿದ್ದಾರೋ, ಗ್ರಹ ಶಾಂತಿಗೆ ಬಂದಿದ್ದಾರೋ ಎಂದು ನಮ್ಮ ಇಡೀ ಟೀಮನ್ನೇ ಆಡಿಕೊಳ್ಳುತ್ತಾರೆ ಎಂಬ ಭಯ ನನಗೆ.

ಮೂರನೆಯ ಸೋಮವಾರ ಅವರು ಖಾಲಿ ಕುರ್ಚಿ ನೋಡಿ ಹುಬ್ಬೇರಿಸಿದಾಗ, ತಡವಾಗಿ ಬರುವವರನ್ನು ಕಂಡರಾಗದ ನಾನು, ಕಣ್ಣೂ ಮಿಟುಕಿಸದೆ ಹೇಳಿದೆ: "ಸೈಕಲ್ ಪಂಕ್ಚರ್ ಆಗಿದೆಯಂತೆ."

ಸುಳ್ಳು ಹೇಳಿ ಅಭ್ಯಾಸವಿಲ್ಲದವರಿಗೆ ಎರಡನೆಯ ಸುಳ್ಳು ತೋಚುವುದಿಲ್ಲ. ಅದರ ಮುಂದಿನ ಸೋಮವಾರವೂ ಪಂಕ್ಚರ್ ಎಂದೆ. ಅದರ ಮುಂದಿನದಕ್ಕೂ. ಟೀಮಿನ ಉಳಿದ ನಾಲ್ವರು ತಲೆ ತಗ್ಗಿಸಿ ನೋಟ್‌ಬುಕ್ಕಿನಲ್ಲಿ ಏನೋ ಗೀಚುತ್ತ ಭುಜ ಕುಣಿಸುತ್ತಿದ್ದರು. ಮ್ಯಾನೇಜರ್ ಮಾತ್ರ ಪ್ರತಿಸಲವೂ ಗಂಭೀರವಾಗಿ ಡೈರಿಯಲ್ಲಿ ಬರೆದುಕೊಳ್ಳುತ್ತಿದ್ದರು.

ಸುಮ್ಮನೆ ಕೂತಿದ್ದೆನೆಂದು ತಿಳಿಯಬೇಡಿ. ಮೊದಲು ಅವನಿಗೆ ಹೇಳಿದೆ, ಏಳೂವರೆಯ ಒಳಗೇ ಮನೆ ಬಿಟ್ಟು ಬಾ, ರಾಹು ಏಳುವ ಮೊದಲೇ ನೀನು ಆಫೀಸಿನಲ್ಲಿರು ಅಂತ. ಹೆಂಡತಿ ಒಪ್ಪಿದಳು. ಏಳಕ್ಕೆ ಹೊರಟು ಏಳೂ ಇಪ್ಪತ್ತಕ್ಕೆ ಬಂದರೆ ಗೇಟಿಗೆ ಬೀಗ, ತೆಗೆಯುವುದು ಎಂಟಕ್ಕೆ. ಕತ್ತಲೆ, ಕೊರೆಯುವ ಗಾಳಿ. ಕಿವಿಗೆ ಮಫ್ಲರ್ ಸುತ್ತಿಕೊಂಡು ಗೇಟಿನ ಸರಳು ಹಿಡಿದು ಒಳಗೆ ಇಣುಕುತ್ತಿದ್ದವನನ್ನು ವಾಚ್‌ಮನ್ ಕಳ್ಳನೆಂದು ಹಿಡಿದು, ಒಂದೂವರೆ ಗಂಟೆ ಕೂರಿಸಿಕೊಂಡು, ಒಂಬತ್ತಕ್ಕೆ ಬಿಟ್ಟ. ಮೂರು ದಿನ ಜ್ವರ. ಆ ದಾರಿ ಅಲ್ಲಿಗೆ ಮುಚ್ಚಿತು.

ಆಮೇಲೆ ನಾನು ಮಹಾ ಬುದ್ಧಿವಂತೆ, ಡಿಸೆಂಬರಿನ ಒಂದು ಶನಿವಾರ ಡಚ್ ಪೇಪರಿನ ಹವಾಮಾನದ ಪುಟ ಕತ್ತರಿಸಿಕೊಂಡು ಅವರ ಮನೆಗೇ ಹೋದೆ. ಅವನ ಹೆಂಡತಿ ಚಿಕ್ಕ ಹುಡುಗಿಯ ಮುಖದವಳು. ನನ್ನನ್ನು ಅಕ್ಕಾ ಎನ್ನುತ್ತಿದ್ದಳು. ಅವಳನ್ನು ಸೋಫಾದಲ್ಲಿ ಕೂರಿಸಿಕೊಂಡು ಮೇಷ್ಟರ ಹಾಗೆ ಪಾಠ ಶುರುಮಾಡಿದೆ.

"ನೋಡಮ್ಮ, ರಾಹುಕಾಲ ಅನ್ನೋದು ಗಡಿಯಾರದ ಲೆಕ್ಕ ಅಲ್ಲ, ಸೂರ್ಯನ ಲೆಕ್ಕ. ಹಗಲನ್ನ ಎಂಟು ಭಾಗ ಮಾಡಿದರೆ ಸೋಮವಾರ ಎರಡನೇ ಭಾಗ ರಾಹುಂದು. ನಮ್ಮೂರಲ್ಲಿ ಸೂರ್ಯ ಆರಕ್ಕೆ ಹುಟ್ತಾನೆ, ಅದಕ್ಕೇ ಏಳೂವರೆ. ಇಲ್ಲಿ ಈಗ ಅವನು ಹುಟ್ಟೋದೇ ಎಂಟೂ ಮುಕ್ಕಾಲರ ಹತ್ತಿರ. ಅಂದ್ರೆ ಇಲ್ಲಿ ರಾಹುಕಾಲ ಒಂಬತ್ತೂ ನಲವತ್ತಕ್ಕೆ ಶುರು, ಹತ್ತೂ ನಲವತ್ತಕ್ಕೆ ಮುಗೀತು. ನಿನ್ನ ಗಂಡ ಎಂಟಕ್ಕೆ ಧಾರಾಳವಾಗಿ ಹೊರಡಬಹುದು."

ಗಂಡನಿಗೂ ಹುಮ್ಮಸ್ಸು ಬಂತು. "ಹೌದು ಕಣೇ! ಬೆಂಗಳೂರಿನ ರಾಹುಕಾಲ ಅಂತ ಹಿಡಿದ್ರೂ, ಅದು ಇಲ್ಲಿ ಬೆಳಗಿನ ಜಾವ ಮೂರರಿಂದ ನಾಲ್ಕೂವರೆ. ನಾವು ಗೊರಕೆ ಹೊಡೀತಿರ್ತೀವಿ, ಅಷ್ಟ್ರಲ್ಲಿ ಮುಗಿದೇ ಹೋಗಿರತ್ತೆ!"

ಅವಳು ಎಲ್ಲವನ್ನೂ ತಾಳ್ಮೆಯಿಂದ ಕೇಳಿದಳು. ಪೇಪರಿನ ತುಣುಕನ್ನು ತಿರುಗಿಸಿ ನೋಡಿದಳು. ಆಮೇಲೆ ನಿಧಾನವಾಗಿ ಹೇಳಿದಳು: "ಹಾಗಾದ್ರೆ ಏಳೂವರೆಯಿಂದ ಒಂಬತ್ತೂ ಬೇಡ, ಅಕ್ಕಾ. ನೀವು ಹೇಳಿದ ಹಾಗೆ ಒಂಬತ್ತೂ ನಲವತ್ತರಿಂದ ಹತ್ತೂ ನಲವತ್ತೂ ಬೇಡ. ಹನ್ನೊಂದಕ್ಕೆ ಬರ್ಲಿ ಬಿಡಿ, ಸೇಫು."

ಅಯ್ಯೋ ದೇವರೇ! ಮುಕ್ಕಾಲು ಗಂಟೆಯ ತಡವನ್ನು ಎರಡೂವರೆ ಗಂಟೆ ಮಾಡಿಸಿಕೊಂಡು ಬಂದ ಟೀಮ್ ಲೀಡರ್ ನಾನು. "ಬೇಡಮ್ಮ, ಬೇಡ, ನಿನ್ನ ಕ್ಯಾಲೆಂಡರ್ರೇ ಸರಿ, ಪೇಪರಿನವರಿಗೆ ಏನು ಗೊತ್ತು," ಎಂದು ಅಂಗಲಾಚಿ, ಆ ತುಣುಕನ್ನು ಅವಳ ಕೈಯಿಂದ ಕಿತ್ತುಕೊಂಡು, ಮುದುರಿ ಬ್ಯಾಗಿಗೆ ತುರುಕಿ, ಒಂಬತ್ತನ್ನೇ ಉಳಿಸಿಕೊಳ್ಳುವಷ್ಟರಲ್ಲಿ ನನಗೆ ಸಾಕುಸಾಕಾಯಿತು. ಬಸ್ ಸ್ಟಾಪಿನಲ್ಲಿ ಒಬ್ಬಳೇ ನಿಂತು ಹುಚ್ಚಿಯಂತೆ ನಕ್ಕೆ. ಪಕ್ಕದಲ್ಲಿದ್ದ ಡಚ್ ಅಜ್ಜಿ ಒಂದು ಹೆಜ್ಜೆ ದೂರ ಸರಿದು ನಿಂತಳು.

ಇಷ್ಟರಲ್ಲಿ ಪಂಕ್ಚರಿನ ವಿಷಯ ಕೈಮೀರಿತ್ತು. ಮ್ಯಾನೇಜರ್ ಒಂದು ದಿನ ನನ್ನನ್ನು ಕರೆದು ಡೈರಿ ತೋರಿಸಿದರು. ಅವರು ಮಾತಾಡುತ್ತಿದ್ದದ್ದು ಇಂಗ್ಲಿಷ್, ಅದೂ ಅಳತೆ ಮಾಡಿ ಕತ್ತರಿಸಿದಂಥ ಇಂಗ್ಲಿಷ್.

"ಏಳು ಪಂಕ್ಚರ್. ಎಲ್ಲವೂ ಸೋಮವಾರ. ಎಲ್ಲವೂ ಒಂದೇ ದಾರಿಯಲ್ಲಿ. ಇದು ಕಾಕತಾಳೀಯವಲ್ಲ."

ಮುಗಿಯಿತು, ಸಿಕ್ಕಿಬಿದ್ದೆವು ಎಂದುಕೊಂಡೆ.

"ಭಾನುವಾರ ರಾತ್ರಿ ಯಾರೋ ಆ ದಾರಿಯಲ್ಲಿ ಬಾಟಲಿ ಒಡೆಯುತ್ತಿದ್ದಾರೆ," ಎಂದರು ಅವರು. "ನಾನು ಗೆಮೆಂಟೆಗೆ ಪತ್ರ ಬರೆದಿದ್ದೇನೆ."

ಗೆಮೆಂಟೆ ಎಂದರೆ ಇಲ್ಲಿನ ನಗರಸಭೆ. ನಮ್ಮ ಕಡೆಯಾಗಿದ್ದರೆ ಆ ಪತ್ರ ಯಾವುದೋ ಫೈಲಿನಲ್ಲಿ ಸುಖವಾಗಿ ನಿದ್ದೆ ಮಾಡುತ್ತಿತ್ತು. ಇಲ್ಲಿ ಒಂದೇ ವಾರದಲ್ಲಿ ಒಂದು ಗಾಡಿ ಬಂದು, ಗರಗರ ತಿರುಗುವ ಬ್ರಷ್ಷು ಇಳಿಸಿ, ಆ ಸೈಕಲ್ ದಾರಿಯನ್ನು ಆ ತುದಿಯಿಂದ ಈ ತುದಿಗೆ ಗುಡಿಸಿಹೋಯಿತು. ಮ್ಯಾನೇಜರಿಗೆ ಉತ್ತರವೂ ಬಂತು: ಗಾಜು ಸಿಗಲಿಲ್ಲ, ಮೊಳೆ ಸಿಗಲಿಲ್ಲ, ಇನ್ನು ಮುಂದೆ ಸೋಮವಾರ ಬೆಳಿಗ್ಗೆ ಆರಕ್ಕೇ ಗುಡಿಸುತ್ತೇವೆ. ನನ್ನ ಒಂದು ಸುಳ್ಳಿಗೆ ಐಂಡ್‌ಹೋವನ್ನಿನ ಒಬ್ಬ ಮನುಷ್ಯ ಸೋಮವಾರ ನಸುಕಿನಲ್ಲಿ ಎದ್ದು ಕಸವಿಲ್ಲದ ರಸ್ತೆ ಗುಡಿಸುತ್ತಿದ್ದ! ಇದನ್ನು ಟೀಮಿಗೆ ಹೇಳಿದಾಗ ನಾಲ್ವರಲ್ಲಿ ಒಬ್ಬಳು ನಗುವಿನ ಭರಕ್ಕೆ ಕುರ್ಚಿಯಿಂದ ಜಾರಿ ನೆಲದ ಮೇಲೆ ಕೂತಳು. ನಾನೂ ನಗುತ್ತಿದ್ದೆ.

ಆದರೆ ಅಷ್ಟು ಗುಡಿಸಿದ ಮೇಲೂ ಮುಂದಿನ ಸೋಮವಾರ ಪಂಕ್ಚರ್ ಆಯಿತು.

ಜನವರಿ ಕೊನೆಯ ಸೋಮವಾರಕ್ಕೆ ರಾಟರ್‌ಡ್ಯಾಮಿನಿಂದ ಕಂಪನಿಯ ದೊಡ್ಡ ಅಧಿಕಾರಿ ಬರುವವರಿದ್ದರು. ಎಂಟೂವರೆಗೆ ನಮ್ಮ ಕೆಲಸದ ವರದಿ ಒಪ್ಪಿಸಬೇಕು, ಒಪ್ಪಿಸಬೇಕಾದವನು ಅವನೇ. ಮ್ಯಾನೇಜರ್ ನನಗೆ ನೇರವಾಗಿಯೇ ಹೇಳಿದರು: "ಅವನ ಕಾಗದ ನನ್ನ ಮೇಜಿನ ಮೇಲಿದೆ. ಸೋಮವಾರ ಎಂಟೂವರೆಗೆ ಅವನು ಕೋಣೆಯಲ್ಲಿದ್ದರೆ ಸಹಿ ಹಾಕುತ್ತೇನೆ."

ಭಾನುವಾರ ಫೋನ್ ಮಾಡಿ ಅವನ ಹೆಂಡತಿಯ ಹತ್ತಿರ ಬೇಡಿಕೊಂಡೆ. ಒಂದೇ ಒಂದು ಸಲ ಕಣಮ್ಮ, ನಿನ್ನ ಕಾಲಿಗೆ ಬೀಳ್ತೀನಿ. ಅವಳು ಆಯ್ತು ಎನ್ನಲಿಲ್ಲ, ಇಲ್ಲ ಎನ್ನಲೂ ಇಲ್ಲ. "ನೋಡ್ತೀನಿ ಅಕ್ಕಾ," ಎಂದು ಅತ್ತಳು.

ಸೋಮವಾರ ಎಂಟೂವರೆ. ದೊಡ್ಡ ಅಧಿಕಾರಿ ಬಂದು ಕೂತರು. ಟೀಮಿನ ನಾಲ್ವರು ಕೂತರು. ಅವನಿಲ್ಲ. ಅದಕ್ಕಿಂತ ದಿಗಿಲಿನ ಸಂಗತಿ, ಮ್ಯಾನೇಜರ್ ಕೂಡ ಇಲ್ಲ! ಅವರ ಕುರ್ಚಿ ಖಾಲಿ ಇದ್ದದ್ದನ್ನು ನಾವು ಯಾರೂ ನೋಡಿರಲೇ ಇಲ್ಲ. ಎಂಟೂ ನಲವತ್ತಾಯಿತು. ದೊಡ್ಡವರು ವಾಚು ನೋಡಿಕೊಂಡರು. ನಾನು "ಒಂದು ನಿಮಿಷ" ಎಂದು ಪಕ್ಕದ ಕೋಣೆಗೆ ಓಡಿ ಅವನ ಮನೆಗೆ ಫೋನ್ ಮಾಡಿದೆ.

ಹೆಂಡತಿ ಎತ್ತಿದಳು. ದನಿ ಗೆಲುವಾಗಿತ್ತು. "ಹಾಂ ಅಕ್ಕಾ. ನಿಮ್ಮ ಮ್ಯಾನೇಜರ್ ಇಲ್ಲೇ ಇದ್ದಾರೆ. ಉಪ್ಪಿಟ್ಟು ತಿಂತಿದ್ದಾರೆ."

"ಏನು?"

"ಸೈಕಲ್ ಪಂಕ್ಚರ್ ಆಗಿರತ್ತೆ, ಕಾರಲ್ಲಿ ಕರ್ಕೊಂಡು ಹೋಗ್ತೀನಿ ಅಂತ ಏಳೂ ಐವತ್ತಕ್ಕೇ ಬಂದ್ರು, ಪಾಪ. ಒಳಗೆ ಬಂದ್ಬಿಟ್ರಲ್ಲ, ಈಗ ಅವ್ರನ್ನೂ ಹೊರಗೆ ಬಿಡಕ್ಕಾಗಲ್ಲ. ಅವ್ರಿಗೂ ಒಳ್ಳೇದಾಗ್ಬೇಕಲ್ವಾ? ಒಂಬತ್ತಾಗ್ಲಿ, ಇಬ್ರನ್ನೂ ಕಳಿಸ್ತೀನಿ."

ಆ ಗಳಿಗೆಯಲ್ಲಿ ನನಗೆ ಅಳುವುದೋ ನಗುವುದೋ ತಿಳಿಯದೆ ಎರಡೂ ಒಟ್ಟಿಗೇ ಬಂದವು. ಕಣ್ಣೊರೆಸಿಕೊಂಡು ಒಳಗೆ ಹೋಗಿ, ಅವನು ಹೇಳಬೇಕಾಗಿದ್ದ ವರದಿಯನ್ನು ನಾನೇ ಶುರುಮಾಡಿದೆ. ಇಪ್ಪತ್ತು ನಿಮಿಷದ ಮಾತನ್ನು ನಲವತ್ತು ನಿಮಿಷ ಎಳೆದೆ. ಮೂರು ಸಲ ಕಾಫಿ ಕೊಡಿಸಿದೆ. ಇಲ್ಲಿನ ಪದ್ಧತಿಯಂತೆ ಒಂದು ಕಾಫಿಗೆ ಒಂದೇ ಬಿಸ್ಕತ್ತು ಕೊಡಬೇಕು. ನಾನು ಡಬ್ಬವನ್ನೇ ದೊಡ್ಡ ಅಧಿಕಾರಿಯ ಮುಂದಿಟ್ಟೆ. ಆ ಮನುಷ್ಯ ಬೆದರಿ ಕುರ್ಚಿಯನ್ನು ಹಿಂದಕ್ಕೆ ಸರಿಸಿಕೊಂಡರು.

ಒಂಬತ್ತೂ ಇಪ್ಪತ್ತಕ್ಕೆ ಬಾಗಿಲು ತೆರೆಯಿತು. ಮುಂದೆ ಮ್ಯಾನೇಜರ್, ಹಿಂದೆ ಅವನು, ಮುಖದಲ್ಲಿ ರಕ್ತವಿಲ್ಲ. ಮ್ಯಾನೇಜರ್ ಟೈ ಮೇಲೆ ಒಂದು ಸಾಸಿವೆ ಕಾಳು ಅಂಟಿತ್ತು. ಅವರು ಕೂತು, ಡೈರಿ ಬಿಚ್ಚಿ, "ನಾನು ತಡವಾದೆ. ಕಾರಣ ಗಟ್ಟಿಯಾಗಿದೆ. ಆಮೇಲೆ ಹೇಳುತ್ತೇನೆ," ಎಂದರು, ಅಷ್ಟೇ.

ಮೀಟಿಂಗ್ ಮುಗಿದ ಮೇಲೆ ನನ್ನನ್ನು ಕೋಣೆಗೆ ಕರೆದರು. ಮೇಜಿನ ಮೇಲೆ ಅವನ ಕಾಗದ, ಪಕ್ಕದಲ್ಲಿ ಡೈರಿ.

"ಸೈಕಲ್ಲಿನ ಟೈರು ಚೆನ್ನಾಗಿದೆ. ನಾನು ಒತ್ತಿ ನೋಡಿದೆ," ಎಂದರು. "ಅವನು ಎಲ್ಲವನ್ನೂ ಹೇಳಿದ. ಅವನ ಹೆಂಡತಿಯೂ ಹೇಳಿದಳು. ಆ ಮೊದಲ ಎರಡು ಮಕ್ಕಳ ವಿಷಯವನ್ನೂ. ಅವನು ತಡವಾಗಿ ಬಂದ. ಸುಳ್ಳು ಹೇಳಿದ್ದು ನೀವು."

ನಾನು ತಡವರಿಸಿದೆ. "ನೀವು ನಗುತ್ತೀರಿ ಅಂದುಕೊಂಡೆ."

"ನಗುತ್ತಿದ್ದೆ," ಎಂದರು. "ನಕ್ಕು, ಮೀಟಿಂಗನ್ನು ಒಂಬತ್ತೂ ಕಾಲಿಗೆ ಹಾಕುತ್ತಿದ್ದೆ. ಅದು ಬರೀ ಒಂದು ಮೀಟಿಂಗ್."

ಮೂರು ತಿಂಗಳ ನನ್ನ ನಾಟಕ, ಲೆಕ್ಕ, ಬೇಡಿಕೆ, ಎಲ್ಲದಕ್ಕೂ ಬೇಕಾಗಿದ್ದದ್ದು ಒಂದು ನಿಮಿಷದ ನಿಜ. ನನ್ನವರ ಮರ್ಯಾದೆ ಕಾಪಾಡುತ್ತಿದ್ದೇನೆ ಎಂದುಕೊಂಡು ನಾನು ಈ ಮನುಷ್ಯನನ್ನು ಕಲ್ಲು ಎಂದು ತೀರ್ಮಾನಿಸಿಬಿಟ್ಟಿದ್ದೆ. ಅವನ ಹೆಂಡತಿಯೋ ಎಂಟು ವಾಕ್ಯದಷ್ಟು ಇಂಗ್ಲಿಷಿನಲ್ಲಿ, ಒಂದು ತಟ್ಟೆ ಉಪ್ಪಿಟ್ಟಿನೊಂದಿಗೆ, ಎಲ್ಲ ಹೇಳಿ ಮುಗಿಸಿದ್ದಳು. ನನಗೆ ಅಳು ಬಂತು. ಆ ಸಾಸಿವೆ ಕಾಳು ಕಂಡು ಅಳುವಿನ ನಡುವೆ ಕಿಸಕ್ಕನೆ ನಗುವೂ ಬಂತು. ಅವರು ಎರಡೂ ಮುಗಿಯುವವರೆಗೆ ಕಾದು, ಕಾಗದಕ್ಕೆ ಸಹಿ ಹಾಕಿದರು. ಆಮೇಲೆ ಫೋನನ್ನು ನನ್ನ ಕಡೆ ತಳ್ಳಿದರು.

"ಈಗ ಗೆಮೆಂಟೆಗೆ ನೀವೇ ಹೇಳಿ. ಆ ಮನುಷ್ಯ ಇನ್ನು ಮಲಗಲಿ."

ನನ್ನ ಹರಕು ಮುರುಕು ಡಚ್ಚಿನಲ್ಲಿ, ರಸ್ತೆ ಸ್ವಚ್ಛವಾಗಿದೆ, ತಪ್ಪು ನನ್ನದು, ಪಂಕ್ಚರ್ ಆಗಿರಲೇ ಇಲ್ಲ ಎಂದು ಒಬ್ಬ ಗುಮಾಸ್ತೆಗೆ ವಿವರಿಸಿದೆ. ಅವಳು ಮೂರು ಸಲ ಕೇಳಿ ಬರೆದುಕೊಂಡಳು.

ಮೀಟಿಂಗ್ ಒಂಬತ್ತೂ ಕಾಲಿಗೆ ಹೋಯಿತು. ಮಾರ್ಚಿನಲ್ಲಿ ಮಗು ಹುಟ್ಟಿತು, ಹೆಣ್ಣು, ಮೂರು ಕಿಲೋ ಚಿಲ್ಲರೆ. ಆಸ್ಪತ್ರೆಯಿಂದ ಅವನು ಫೋನ್ ಮಾಡಿದಾಗ ನಾನು ಅಡುಗೆಮನೆಯಲ್ಲಿ ಸೌಟು ಹಿಡಿದುಕೊಂಡೇ ಕುಣಿದೆ, ನನ್ನ ಗಂಡ ಸಾಕ್ಷಿ.

ಅದರ ಮುಂದಿನ ವಾರ, ಸೋಮವಾರ, ನಾನು ಒಂಬತ್ತಕ್ಕೆ ಐದು ನಿಮಿಷವಿರುವಾಗ ಮೀಟಿಂಗ್ ಕೋಣೆಯ ದೀಪ ಹಾಕಲು ಹೋದೆ. ದೀಪ ಆಗಲೇ ಉರಿಯುತ್ತಿತ್ತು. ಅವನು ಒಬ್ಬನೇ ಕೂತಿದ್ದ. ಮುಂದೆ ತಟ್ಟೆಗಳಲ್ಲಿ ಬೆಣ್ಣೆ ಸವರಿ ಗುಲಾಬಿ ಬಣ್ಣದ ಸೋಂಪು ಉದುರಿಸಿದ ರಸ್ಕುಗಳು. ಇಲ್ಲಿ ಮಗು ಹುಟ್ಟಿದರೆ ಅಪ್ಪ ಆಫೀಸಿನಲ್ಲಿ ಹಂಚುವ ಸಿಹಿ ಅದು.

"ಎಲ್ಲಿ ಹೋಗಿದ್ರಿ ಮೇಡಂ ಎಲ್ಲರೂ?" ಎಂದು ರೇಗಿದ. "ಎಂಟೂವರೆಯಿಂದ ಕಾಯ್ತಿದ್ದೀನಿ. ಬೆಣ್ಣೆ ಎಲ್ಲ ಒಣಗ್ತಾ ಇದೆ!"

"ಎಂಟೂವರೆಯಿಂದಲಾ? ಮನೆ ಎಷ್ಟು ಹೊತ್ತಿಗೆ ಬಿಟ್ಟೆ?"

"ಎಂಟೂ ಹತ್ತಕ್ಕೆ."

ನಾನು ಗಡಿಯಾರ ನೋಡಿದೆ, ಕ್ಯಾಲೆಂಡರ್ ನೋಡಿದೆ, ಅವನ ಮುಖ ನೋಡಿದೆ. "ಕದ್ದು ಬಂದೆಯೇನೋ? ಅವಳು ಮಲಗಿದ್ಲಾ?"

"ಇಲ್ಲ ಮೇಡಂ, ಎದ್ದಿದ್ಲು. ಮಗೂನ ತೊಡೆ ಮೇಲೆ ಹಾಕ್ಕೊಂಡು ಕೂತಿದ್ಲು. ನಾನು ಎಂದಿನ ಹಾಗೆ ಒಂಬತ್ತಾಗ್ಲಿ ಅಂತ ಪೇಪರ್ ಹಿಡ್ಕೊಂಡು ಕೂತಿದ್ದೆ." ಒಂದು ತಟ್ಟೆಯನ್ನು ನನ್ನ ಕಡೆ ಸರಿಸಿದ. "ಅವಳೇ ತಲೆ ಎತ್ತಿ ನೋಡಿ, 'ಏನ್ರೀ ಇನ್ನೂ ಕೂತಿದ್ದೀರಾ, ಹೊರಡಿ, ಲೇಟಾಗತ್ತೆ' ಅಂದ್ಲು."